ಗಂಗವ್ವನಿಗೆ ಸಿಟ್ಟು ಬರಲಿ

“ಇಳೀರಿ ಪಾಟೀಲ್ರ, ಬಸ್ಸು ಹೊಂಟ್ತು!”

ಪಾಟೀಲ ಸೀಟು ಬಿಟ್ಟು ಏಳಲಿಲ್ಲ. ಕಂಡಕ್ಟರ್ ಮತ್ತೊಮ್ಮೆ ಸೀಟಿ ಊದಿದ ಮೇಲೆ ಪ್ರಕಾಶಕ ಭರಮಪ್ಪನವರು ಅವನ ರಟ್ಟೆ ಹಿಡಿದು ತಿರ್ಲಾಪುರದ ಕರಿಮಣ್ಣಿಗೆ ಇಳಿಸಿಯೇ ಬಿಟ್ಟರು. ಇಳಿದವನೇ ತಲೆ, ಕೆನ್ನೆ ಎಲ್ಲ ಮುಚ್ಚುವಂತೆ ಟವೆಲ್ ಸುತ್ತಿಕೊಂಡ. ಕಪ್ಪು ಕನ್ನಡಕ ಏರಿಸಿದ. ಧಾರವಾಡದಲ್ಲಿ ಕಾಲೇಜು ಮಾಸ್ತರ, ದೊಡ್ಡ ಗೌಡರ ಮನೆಯ ಅಳಿಯ. ಇಂಥವರಿಗೆ ಹಳ್ಳಿಯ ಬಿಸಿಲು ತಡೆಯುತ್ತದೆಯೇ ಎಂದು ಭರಮಪ್ಪನವರು ಒಳಗೊಳಗೇ ನಕ್ಕರು.

ವಿಷಯ ಇಷ್ಟೇ. ಪಾಟೀಲ ಒಂದು ಕಾದಂಬರಿ ಬರೆದಿದ್ದ. ದಲಿತ ಕೇರಿಯ ಗಂಗವ್ವ ತಾಯಿಯಿಲ್ಲದ ಹುಡುಗನೊಬ್ಬನನ್ನು ಸಾಕಿ, ಓದಿಸಿ, ಪಟ್ಟಣಕ್ಕೆ ಕಳಿಸುವ ಕಥೆ. ಕೆರೆ, ದಂಡೆಯ ಬೇವಿನ ಮರ, ಮರದ ಕೆಳಗಿನ ಮನೆ ಎಲ್ಲ ಕಣ್ಣಿಗೆ ಕಟ್ಟುತ್ತಿದ್ದವು. ಗಂಗವ್ವ ಮಾತ್ರ ಹಾಳೆಗೊಮ್ಮೆ ಅಳುತ್ತಿದ್ದಳು.

“ಇದು ಹೆಣ್ಣಲ್ರಿ, ಸೋರೋ ಕೊಡ,” ಎಂದಿದ್ದರು ಭರಮಪ್ಪ. “ನಿಮಗ ಕೇರಿ ಅಂದ್ರೇನು ಗೊತ್ತಿಲ್ಲ. ಒಂದಿನ ಹೋಗಿ ಕುಂತು, ಮಾತಾಡಿ ಬರೂಣು. ಗಂಗವ್ವಗ ಜೀವಾ ಬಂದ್ರ ಅಚ್ಚು ಹಾಕ್ತೀನಿ. ಇಲ್ಲಾಂದ್ರ ಇಲ್ಲ.”

ಆ ಪುಸ್ತಕದಲ್ಲೇ ಪಾಟೀಲನ ಜೀವವಿತ್ತು. ಒಪ್ಪದೆ ಗತಿಯಿರಲಿಲ್ಲ. “ಕುಂದಗೋಳದ ಕಡೆ ಹೋಗೂಣ್ರಿ, ಹತ್ತರ ಆಗತೈತಿ,” ಎಂದು ಗೋಗರೆದ. ಭರಮಪ್ಪ ಕೇಳಬೇಕಲ್ಲ! ಕಾದಂಬರಿಯ ಕೆರೆ ಅಗದಿ ತಿರ್ಲಾಪುರದ ಕೆರೆಯಂತೆಯೇ ಇತ್ತು. ಬಸ್ಸಿನ ಕಿಟಕಿಯಿಂದ ಒಮ್ಮೆ ನೋಡಿದ್ದೆ ಎಂದು ಪಾಟೀಲನೇ ಒಪ್ಪಿಕೊಂಡಿದ್ದ.

ಕೇರಿ ಬಿಕೋ ಎನ್ನುತ್ತಿತ್ತು. ಜನರೆಲ್ಲ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದರು. ಬೇವಿನ ಮರದ ಕೆಳಗೊಂದು ಮನೆ, ಕಟ್ಟೆಯ ಮೇಲೆ ಹತ್ತಿಯ ಕಸ ಆರಿಸುತ್ತ ಕೂತ ಐವತ್ತರ ಹೆಣ್ಣುಮಗಳು. ಹೆಸರು ಕೇಳಿದ್ದಕ್ಕೆ ತಾಯವ್ವ ಎಂದಳು.

“ಮುಂದಿನ ಮನಿ ನೋಡೂಣ್ರಿ,” ಎಂದು ಪಾಟೀಲ ಪಿಸುಗುಟ್ಟಿದ.

“ಸುಮ್ನ ಕುಂದರ್ರಿ! ನಿಮ್ಮ ಗಂಗವ್ವನ ಮನೀನ ಸಿಕ್ಕೈತಿ.”

ಪಾಟೀಲ ಮುಖ ತಿರುಗಿಸಿ ಕಟ್ಟೆಯ ತುದಿಗೆ ಕೂತ. ಮೈಲಿಗೆಯ ಭಯ ಎಂದು ಭರಮಪ್ಪನವರಿಗೆ ನಾಚಿಕೆಯಾಯಿತು. ತಾಯವ್ವ ಅವನನ್ನು ಒಮ್ಮೆ ನೋಡಿ ಮತ್ತೆ ಹತ್ತಿಗೆ ಕೈ ಹಾಕಿದಳು.

“ಮನ್ಯಾಗ ಯಾರ್ಯಾರ ಇದ್ದೀರಿ ಯವ್ವಾ?”

“ಗಂಡ ಹೊಲಕ್ಕ ಹೋಗ್ಯಾನ್ರಿ. ಮಗಳನ್ನ ಅಣ್ಣಿಗೇರಿಗೆ ಕೊಟ್ಟೀವಿ. ಒಬ್ಬ ತಮ್ಮ ಇದ್ದ, ಅಂದಾನೆಪ್ಪ ಅಂತ. ಸತ್ತ.”

“ಬರ್ಕೋರಿ ಪಾಟೀಲ್ರ.”

ಪಾಟೀಲನ ಪೆನ್ನು ಅಲ್ಲಾಡಲಿಲ್ಲ. ಇಷ್ಟೂ ಕನಿಕರ ಇಲ್ಲದವನ ಕೈಯಲ್ಲಿ ಗಂಗವ್ವ ಹೇಗೆ ಬದುಕಿಯಾಳು? ಭರಮಪ್ಪನವರು ಹಲ್ಲು ಕಚ್ಚಿಕೊಂಡು, ಇವರು ಬರೆದದ್ದು ಎಂದು ಗಂಗವ್ವನ ಕಥೆಯನ್ನು ತಾವೇ ಹೇಳಿದರು.

“ಆ ಹುಡುಗ ತಿರುಗಿ ಬಂದನೇನ್ರಿ?” ಎಂದಳು ತಾಯವ್ವ.

“ಇಲ್ಲವ್ವ. ಈಕಿ ಅತ್ತು ಅತ್ತು ಸಾಯ್ತಾಳ.”

ಹತ್ತಿಯೊಳಗಿನ ಕೈ ನಿಂತಿತು. “ಅಳಾಕ ಪುರುಸೊತ್ತು ಎಲ್ಲೈತ್ರಿ? ಆಕಿಗೆ ಸಿಟ್ಟು ಬರಬೇಕು. ಎದುರಿಗೆ ಬಂದ್ರ ಹಿಡದು ನಾಕು ಬಾರಿಸೋವಷ್ಟು ಸಿಟ್ಟು. ನಮ್ಮ ಮಂದೀನ ಕಂಡೇ ಇಲ್ಲದವರಂಗ ಬರದಾರಲ್ರಿ ಇವ್ರು!”

“ಹಾಂ! ಇದ ನೋಡ್ರಿ ಬೇಕಾಗಿತ್ತು!” ಭರಮಪ್ಪ ತೊಡೆ ತಟ್ಟಿದರು.

ತಾಯವ್ವ ಒಳಗಿನಿಂದ ನೀರು ತಂದಳು. ಭರಮಪ್ಪ ಗಟಗಟ ಕುಡಿದರು. ಇನ್ನೊಂದು ಲೋಟವನ್ನು ಪಾಟೀಲನ ಮುಂದೆ ಹಿಡಿದಳು. ಅವನು ಕೈ ಚಾಚಲಿಲ್ಲ. ಲೋಟ ಹಿಡಿದ ಅವಳ ಕೈಯನ್ನೇ ನೋಡುತ್ತ ಕೂತ.

ಥೂ, ಗೌಡಿಕೆ ಇಲ್ಲಿಯೂ ಬಿಡಲಿಲ್ಲವಲ್ಲ! ಭರಮಪ್ಪನವರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ತಾಯವ್ವ ನೀರನ್ನು ಬೇವಿನ ಬುಡಕ್ಕೆ ಸುರಿದಳು. ಬರಿದಾದ ಲೋಟ ಅವನ ಪಕ್ಕದಲ್ಲಿಟ್ಟಳು. “ನನ್ನ ಕೈಲೆ ಬ್ಯಾಡಾದ್ರ ಒಳಗ ಹೋಗಿ ನೀವ ತುಂಬ್ಕೊಂಡು ಕುಡೀರಿ ಸಾಹೇಬ್ರ.”

ಪಾಟೀಲ ಎದ್ದ. ಲೋಟ ತೆಗೆದುಕೊಂಡು ಕತ್ತಲ ಒಳಮನೆಗೆ ಹೋದ. ಹೊರಗೆ ಬಂದಾಗ ಗಡ್ಡ ಒದ್ದೆಯಾಗಿತ್ತು.

“ಅಂತೂ ದಾರಿಗೆ ಬಂದ್ರಿ!” ಭರಮಪ್ಪನವರಿಗೆ ಹೋದ ಜೀವ ಬಂದಂತಾಯಿತು. ಅವರೂ ಇನ್ನೊಂದು ಲೋಟಕ್ಕೆಂದು ಒಳನುಗ್ಗಿದರು.

ಢಬ್!

“ಅಯ್ಯಯ್ಯಪ್ಪೋ!” ಒಳಗಿನಿಂದ ನರಳಾಟ ಕೇಳಿಸಿತು. “ಏನೂ ಕಾಣವಲ್ದು. ಗಡಿಗಿ ಎಲ್ಲೈತಿ ಯವ್ವಾ?”

“ಬಲಕ್ಕ, ಮೂಲ್ಯಾಗ ಐತ್ರಿ. ಆ ತೊಲಿ ಅಗದಿ ತಗ್ಗ. ಹೊರಗಿನವರು ಯಾರ ಬಂದ್ರೂ ಹಣಿಗೆ ಬಡೀತೈತಿ. ಈ ಮನ್ಯಾಗ ಬೆಳದವರಿಗಷ್ಟ ಬಗ್ಗೂದು ಗೊತ್ತು.”

ಹೇಳುತ್ತ ತಾಯವ್ವ ಪಾಟೀಲನ ಟವೆಲ್ ಸರಿಸಿ ಕಪ್ಪು ಕನ್ನಡಕ ತೆಗೆದಳು. ಅವನು ತಡೆಯಲಿಲ್ಲ. ಹಣೆಯ ಮೇಲೆ ಒಂದು ಗೀರೂ ಇರಲಿಲ್ಲ. ಒಳಗೆ ಭರಮಪ್ಪ ಇನ್ನೂ ಗಡಿಗೆಗಾಗಿ ತಡಕಾಡುತ್ತಿದ್ದರು.

“ತೊಲಿ ನೆನಪೈತಿ. ಗಡಿಗಿ ನೆನಪೈತಿ. ಅಕ್ಕನ್ನ ಅಷ್ಟ ಮರ್ತೆಲ್ಲೋ, ಅಂದಾನೆಪ್ಪಾ?”