ಮಾವನ ಹೆಸರಿನ ವಿದ್ಯಾರ್ಥಿವೇತನ

ಲಕೋಟೆಯ ಒಂದು ತುದಿಯನ್ನು ಕಿನ್ನಿ ಹಿಡಿದಿದ್ದಳು. ಇನ್ನೊಂದು ತುದಿಯನ್ನು ಚೆನ್ನಯ್ಯನವರು ಬಿಡಲಿಲ್ಲ. ಸನ್ಮಾನವೆಂದು ಉಪ್ಪಳದ ಶಾಲೆಗೆ ಬಂದವರಿಗೆ ಹೆಡ್‌ಮಾಸ್ತರರ ಮಾತು ಕೇಳಿದ ಮೇಲೆಯೇ ವಿಷಯ ಗೊತ್ತಾಗಿತ್ತು: ಹೆಣ್ಣುಮಕ್ಕಳ ಕಾಲೇಜು ಓದಿಗೆ ಅವರ ಹೆಸರಿನಲ್ಲಿ ವಿದ್ಯಾರ್ಥಿವೇತನ; ದಾನಿ ಅವರ ಸೋದರಸೊಸೆ, ಅಂಗನವಾಡಿಯ ಕಮಲ ಟೀಚರ್. ಮೊದಲ ವಿದ್ಯಾರ್ಥಿನಿ ಕಿನ್ನಿ, ಅವರದೇ ಒಕ್ಕಲು ಲೋಕಯ್ಯನ ಮಗಳು. ಸಭೆ ಚಪ್ಪಾಳೆ ತಟ್ಟುತ್ತಲೇ ಇತ್ತು.

"ನಿನ್ನ ಪಾಲಿಗೆ ಬಂದ ಗದ್ದೆ ಮಾರಿದ್ದು ಇದಕ್ಕಾ?" ಚೆನ್ನಯ್ಯನವರು ಪಕ್ಕದಲ್ಲಿದ್ದ ಕಮಲಳನ್ನು ಹಲ್ಲು ಕಚ್ಚಿ ಕೇಳಿದರು. "ನನ್ನ ಹೆಸರು ಎಂತಕ್ಕೆ ಹಾಕಿದ್ದು?"

ಇಪ್ಪತ್ತು ವರ್ಷಗಳ ಹಿಂದೆ ಕಮಲಳ ಕಾಲೇಜಿನ ಅರ್ಜಿಯನ್ನು ಬಚ್ಚಲ ಒಲೆಗೆ ತುರುಕಿದ್ದು ಇದೇ ಕೈ. 'ಹೆಣ್ಣಿಗೆ ಎಂತ ಕಾಲೇಜು?' ಎಂದಿದ್ದರು. ಆ ಬೆಂಕಿಯಲ್ಲಿ ಕಾದ ನೀರನ್ನೇ ಅವಳು ಅಂದು ಮೈಮೇಲೆ ಹೊಯ್ದುಕೊಂಡಿದ್ದಳು.

ಮಾವನ ಶಾಲು ಸರಿಪಡಿಸುವ ನೆಪದಲ್ಲಿ ಅವಳು ಬಾಗಿದಳು. "ಬಿಡಿ ಮಾವ, ಜನ ನೋಡ್ತಿದ್ದಾರೆ."

ಅವರ ಬೆರಳು ಸಡಿಲಾಯಿತು. ಕಿನ್ನಿ ಲಕೋಟೆಯನ್ನು ಎದೆಗೊತ್ತಿಕೊಂಡು ಕೆಳಗಿಳಿದಳು.

"ನೀವು ಸತ್ತ ಮೇಲೂ ಇದು ನಿಲ್ಲುದಿಲ್ಲ," ಕಮಲ ಅವರ ಕಿವಿಯಲ್ಲಿ ಮೆಲ್ಲಗೆ ಹೇಳಿದಳು. "ವರ್ಷಕ್ಕೊಬ್ಬಳು ಹುಡುಗಿ ನಿಮ್ಮ ಹೆಸರು ಹೇಳಿಕೊಂಡೇ ಕಾಲೇಜಿಗೆ ಹೋಗ್ತಾಳೆ."