ಕಾಳಿನ ಹಾಲಿನ ಶೇರು

ವೆಂಕಮ್ಮ ಅಂಗಡಿಯ ಮೆಟ್ಟಿಲು ಹತ್ತುವುದನ್ನು ಕಂಡದ್ದೇ ಮಹಾವೀರ ಕೈಯಲ್ಲಿದ್ದ ಅರ್ಜಿಯನ್ನು ತಕ್ಕಡಿಯ ಅಡಿಗೆ ತಳ್ಳಿದ. ಪಕ್ಕದಲ್ಲಿದ್ದ ಬಾಟಲಿಯನ್ನು ಮುಚ್ಚಿಡಲು ಪುರುಸೊತ್ತಾಗಲಿಲ್ಲ.

"ಎಂಥದು ಶೆಟ್ರೇ ಅದು, ಹಾಲಾ?" ಎಂದಳು ವೆಂಕಮ್ಮ. ಹೊಸನಗರದ ಆ ಬೀದಿಗೆ ಇಪ್ಪತ್ತೈದು ವರ್ಷದಿಂದ ಹಾಲು ಹಾಕುತ್ತಿದ್ದವಳು ಅವಳು.

ಮಹಾವೀರನಿಗೆ ಸುಳ್ಳು ಬಾಯಿಗೆ ಬರಲಿಲ್ಲ. "ಹಸುವಿಂದಲ್ಲ ವೆಂಕಮ್ಮ, ಸೋಯಾ ಕಾಳಿಂದು. ಬೆಂಗಳೂರಲ್ಲಿ ಒಂದು ಕಂಪನಿಯೋರು ಮಾಡಿ ಮಾರ್ತಾರಂತೆ. ಈಗ ಜನಕ್ಕೆಲ್ಲ ಶೇರು ಬಿಟ್ಟಿದ್ದಾರೆ. ದುಡ್ಡು ಹಾಕಿದ್ರೆ ನಾವೂ ಪಾಲುದಾರರು. ಸಾಗರದ ಬ್ಯಾಂಕಿನ ಶ್ರೀಕೃಷ್ಣ ಅರ್ಜಿ, ರುಚಿ ನೋಡೋಕೆ ಈ ಬಾಟಲಿ, ಎರಡೂ ಕೊಟ್ಟು ಹೋದ. ನಾಳೆಯೇ ಕೊನೇ ದಿನ."

"ಅದಕ್ಕೆ ನನ್ನ ಕಂಡು ಯಾಕೆ ಮುಚ್ಚಿಟ್ರಿ?"

"ಅಲ್ಲ, ನೀವು ಹಾಲು ಮಾರೋರು. ನಿಮ್ಮ ಎದುರಿಗೇ ನಾನು ಇಂಥಾದ್ದಕ್ಕೆ ದುಡ್ಡು ಹಾಕೋದು ಅಂದ್ರೆ..."

ವೆಂಕಮ್ಮ ಬಾಗಿಲ ಪಕ್ಕದ ಅಕ್ಕಿ ಮೂಟೆಯ ಮೇಲೆ ಕೂತು ಮನಸಾರೆ ನಕ್ಕಳು.

ನಗುವ ಹಕ್ಕು ಅವಳಿಗಿತ್ತು. ಹತ್ತು ವರ್ಷದ ಹಿಂದೆ, ಎಪ್ಪತ್ತೈದರಲ್ಲಿ, ಮಹಾವೀರನ ಮಗಳು ಜ್ವಾಲಾಮಾಲಿನಿ ನಾಲ್ಕು ತಿಂಗಳ ಕೂಸು. ಜ್ವರ ಬಂದು ತಾಯಿ ಧರ್ಮಾವತಿಯ ಎದೆಹಾಲು ಬತ್ತಿತ್ತು. ಬೇರೆ ಯಾವ ಹಾಲು ಕೊಟ್ಟರೂ ವಾಂತಿ, ಭೇದಿ. ಕೂಸು ಅಳುವುದನ್ನೂ ನಿಲ್ಲಿಸಿತ್ತು. ಸೋಯಾ ಹಾಲು ಕೊಟ್ಟು ನೋಡಿ ಎಂದರು ಸಾಗರದ ಡಾಕ್ಟರು. ಅದರ ಪುಡಿ ಶಿವಮೊಗ್ಗದಲ್ಲೂ ಸಿಗಲಿಲ್ಲ. ಮರುದಿನ ಹಾಲು ತಂದ ವೆಂಕಮ್ಮ ವಿಷಯ ಕೇಳಿ, "ಹಂಗಾದ್ರೆ ಇನ್ನು ನನ್ನ ಹಾಲು ಈ ಮನೆಗೆ ಬೇಡ" ಎಂದು ಹೊರಟುಹೋದಳು. ಅವತ್ತೇ ಬಸ್ಸು ಹಿಡಿದು ತೀರ್ಥಹಳ್ಳಿಗೆ ಹೋಗಿ, ಅಲ್ಲಿ ಕೃಷಿ ಇಲಾಖೆಯ ಪ್ರಯೋಗದ ಹೊಲದಲ್ಲಿ ಕೆಲಸಕ್ಕಿದ್ದ ಅಣ್ಣ ಬೆಳ್ಳಪ್ಪನಿಂದ ಒಂದು ಚೀಲ ಸೋಯಾ ಕಾಳು ಹೊತ್ತು ತಂದಳು. ಆಮೇಲೆ ಒಂಬತ್ತು ತಿಂಗಳು, ಬೀದಿಗೆಲ್ಲ ಹಾಲು ಹಾಕಿ ಮುಗಿಸಿ ಬಂದು, ನೆನೆದ ಕಾಳಿನ ಸಿಪ್ಪೆ ಉಜ್ಜಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ಉಕ್ಕುಕ್ಕಿ ಬರುವ ತನಕ ಕುದಿಸಿ, ಕೂಸಿಗೆ ಒಳಲೆಯಲ್ಲಿ ಕುಡಿಸಿದಳು. ಕೂಸು ಉಳಿಯಿತು.

"ಧರ್ಮಾವತಿ ಹಾಕಿ ಅಂತಾಳೆ," ಎಂದ ಮಹಾವೀರ. "ಆ ಹಾಲಿಂದ ಮಗಳು ಉಳಿದ್ಲು, ಆ ಋಣ ಹಿಂಗಾದ್ರೂ ತೀರಲಿ ಅಂತ. ನನಗೂ ಹಂಗೇ ಅನ್ನಿಸ್ತದೆ. ಉಗ್ರಾಣದ ಸೋರೋ ಮಾಡಿಗೆ ಶೀಟು ಹಾಕ್ಸೋಕೆ ಅಂತ ಇಟ್ಟಿದ್ದ ದುಡ್ಡಿದೆ."

ವೆಂಕಮ್ಮ ಬಾಟಲಿಯನ್ನು ಕೇಳಿ ಪಡೆದು ಮುಚ್ಚಳ ತೆಗೆದಳು. ಮೂಸಿದಳು. ಎರಡು ಗುಟುಕು ಕುಡಿದು ನಾಲಿಗೆ ಚಪ್ಪರಿಸಿದಳು.

"ಚೆನ್ನಾಗೇ ಮಾಡಿದ್ದಾರೆ. ನಾನು ಮಾಡಿದ್ದಕ್ಕೆ ಹಸಿ ವಾಸನೆ ಇರ್ತಿತ್ತು. ಇದಕ್ಕಿಲ್ಲ. ಎಷ್ಟಂತೆ?"

"ಎರಡು ರೂಪಾಯಿ."

"ಇಷ್ಟಕ್ಕಾ?" ಅವಳು ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದಳು. "ಎರಡು ಬಾಟಲಿ ದುಡ್ಡಿಗೆ ನನ್ನ ಹತ್ರ ಒಂದು ಲೀಟರು ಬರ್ತದಲ್ಲ ಮಾರಾಯ್ರೇ. ಹಸುವಿನ ಹಾಲು ಆಗೋರು ಇದನ್ನ ಯಾಕೆ ಕೊಳ್ತಾರೆ? ಆಗದೇ ಇರೋರು ಊರಿಗೊಬ್ರೋ ಇಬ್ರೋ. ಅವ್ರಾದ್ರೂ ದಿನಾ ಇಷ್ಟು ಕೊಟ್ಟು ಕೊಳ್ತಾರಾ? ಈ ಅಂಗಡಿಗೆ ಯಾರಾದ್ರೂ ಸಾಮಾನು ತಂದು ಮಾರೋಕೆ ಬಂದ್ರೆ ನೀವು ನೂರು ಪ್ರಶ್ನೆ ಕೇಳ್ತೀರಿ. ಇದಕ್ಕೆ ಒಂದಾದ್ರೂ ಕೇಳಿದ್ರಾ?"

ಮಹಾವೀರ ಕೇಳಿರಲಿಲ್ಲ. ಅರ್ಜಿಯನ್ನು ಹೊರಗೆಳೆದು ಮೊದಲಿಂದ ಓದಿದ, ಈ ಸಲ ವ್ಯಾಪಾರಿಯ ಕಣ್ಣಿಂದ. ಬಾಟಲಿಯ ಹಾಲು ಎಷ್ಟು ದಿನ ಕೆಡದೆ ಇರುತ್ತದೆ, ಖಾಲಿ ಬಾಟಲಿ ವಾಪಸು ತರುವ ಖರ್ಚು ಯಾರದು, ಹೋದ ವರ್ಷ ಎಷ್ಟು ಮಾರಿದ್ದಾರೆ, ಯಾವುದಕ್ಕೂ ಅಲ್ಲಿ ಸರಿಯಾದ ಉತ್ತರವಿರಲಿಲ್ಲ. ನಗುವ ಮಗುವಿನ ಒಂದು ಚಿತ್ರವಿತ್ತು. ಬೆಳಗ್ಗಿನಿಂದ ಅವನು ಅದನ್ನೇ ನೋಡುತ್ತಿದ್ದ.

"ಶೀಟೇ ಹಾಕಿಸ್ತೀನಿ," ಎಂದ.

"ಹಾಕ್ಸಿ. ಹೋದ ಮಳೆಗಾಲದಲ್ಲಿ ನೀವು ಕೊಟ್ಟ ಹಿಂಡಿ ಅರ್ಧ ಬೂಷ್ಟು ಹಿಡಿದಿತ್ತು. ನಾನು ಹೇಳ್ಲಿಲ್ಲ ಅಷ್ಟೇ."

ಮಹಾವೀರ ನಕ್ಕ. ಅರ್ಜಿಯನ್ನು ಮಡಚಿ ಪಕ್ಕಕ್ಕಿಟ್ಟ. "ಆದ್ರೆ ವೆಂಕಮ್ಮ, ನಿಮ್ಮ ಋಣ ಹಂಗೇ ಉಳೀತಲ್ಲ. ಒಂಬತ್ತು ತಿಂಗಳು ಒಂದು ಬಿಡಿಗಾಸು ಮುಟ್ಟಲಿಲ್ಲ ನೀವು."

"ನಾನು ಮಾರಿದ್ದು ಹಸುವಿನ ಹಾಲು ಶೆಟ್ರೇ. ಅದನ್ನ ಮಾರಿದ್ನಾ?" ಎಂದು ಅವಳು ಎದ್ದಳು. "ಕೊಡಿ, ಐದು ಕೇಜಿ ಹಿಂಡಿ. ಹಾಲು ಕರೆಯೋ ಹೊತ್ತಾಯ್ತು."

ಅವನು ತೂಗಿ ಚೀಲದ ಬಾಯಿ ಕಟ್ಟುವಷ್ಟರಲ್ಲಿ ಶಾಲೆಯಿಂದ ಬಂದ ಜ್ವಾಲಾಮಾಲಿನಿ ಪಾಟಿಚೀಲವನ್ನು ಮೂಲೆಗೆಸೆದಳು. ವೆಂಕಮ್ಮ ಮಂಡಿ ಹಿಡಿದುಕೊಂಡು ಚೀಲಕ್ಕೆ ಬಗ್ಗುವುದನ್ನು ಕಂಡು, "ಬಿಡಿ ಅಜ್ಜಿ, ನಾನು ತರ್ತೀನಿ" ಎಂದು ಅದನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ಬೀದಿಗಿಳಿದಳು.

ಮಹಾವೀರ ಗಲ್ಲಾ ಬಿಟ್ಟು ಬಾಗಿಲಿಗೆ ಬಂದು ನಿಂತ. "ಮೆಲ್ಲ ಹೋಗೇ ಮಾರಾಯ್ತಿ, ನನ್ನ ಕಾಲಿಗೆ ಅಷ್ಟು ಜೋರಿಲ್ಲ!" ಎಂದು ವೆಂಕಮ್ಮ ಏದುಸಿರು ಬಿಡುತ್ತ ಕೂಗುತ್ತಿದ್ದಳು. ಹುಡುಗಿ ಆಗಲೇ ಏರಿನ ತುದಿ ಮುಟ್ಟಿ, ಎರಡೂ ಕೈ ಬಿಟ್ಟು, ತಲೆಯ ಮೇಲಿನ ಚೀಲ ಅಲುಗದಂತೆ ನಿಂತು ಕಾಯುತ್ತಿದ್ದಳು.