ನಗುವ ಕೌಂಟರು

ಬೇಸಿಗೆ ರಜೆ ಶುರುವಾಗಿತ್ತು. ವಾಟರ್ ಪಾರ್ಕಿನ ಬಾಡಿಗೆ ಬಟ್ಟೆಯ ಕೌಂಟರಿನಲ್ಲಿ ದೇವೀರಮ್ಮ ಬೆಳಗಿನಿಂದ ಒದ್ದೆ ಈಜುಡುಗೆ ಹಿಂಡಿ ಒಣಹಾಕುತ್ತಲೇ ಇದ್ದಳು.

“ಇದೇ ಮಾಲೀಕರ ಇನ್ನೊಂದು ಪಾರ್ಕಲ್ಲಿ ಎಷ್ಟು ಲವಲವಿಕೆ ಗೊತ್ತಾ?” ಬಟ್ಟೆಗೆ ಬಂದ ಹೆಂಗಸು ಮೂದಲಿಸಿದಳು. “ನೀವು ನೋಡಿದ್ರೆ ಮುಖ ಗಂಟು ಹಾಕ್ಕೊಂಡು ನಿಂತಿದ್ದೀರಿ. ಅಲ್ಲಿ ಕೌಂಟರಿನ ಹುಡುಗಿ ಬಂದೋರನ್ನೆಲ್ಲ ನಗುನಗ್ತಾ ಮಾತಾಡಿಸ್ತಾಳೆ. ನೋಡಿ, ನನ್ನ ಜೊತೆ ಫೋಟೋನೂ ತೆಗೆಸ್ಕೊಂಡಳು.”

ದೇವೀರಮ್ಮ ಕೈ ಒರೆಸಿಕೊಂಡು ಮೊಬೈಲನ್ನು ಹತ್ತಿರ ಹಿಡಿದು ನೋಡಿದಳು.

“ಯಾಕೆ, ಗೊತ್ತಿರೋಳಾ?”

“ನನ್ನ ಮಗಳು ಕಣವ್ವ. ಬೇರೆ ಜಾತಿಯೋನ್ನ ಕಟ್ಕೊಂಡಳು ಅಂತ ಮನೆ ಬಾಗಿಲು ಹಾಕಿಬಿಟ್ಟೆ. ಆವತ್ತಿಂದ ಮಾತಿಲ್ಲ.”

ಮೊಬೈಲು ಹಿಂದಿರುಗಿಸದೆ ಕೇಳಿದಳು: “ಟಿಕೆಟ್ ತಗೊಂಡು ಹೋದ್ರೆ ನನ್ನನ್ನೂ ಮಾತಾಡಿಸ್ತಾಳಾ?”